ಪಕ್ಷಾಂತರಿಗಳ ಅನರ್ಹತೆ: ಸ್ಪೀಕರ್ ತೀರ್ಮಾನಿಸಲೋ, ಟ್ರಿಬ್ಯೂನಲ್ಲೋ?

ಪಕ್ಷ ಬದಲಿಸಿದ ಶಾಸಕರ ಅನರ್ಹತೆಯನ್ನು ಈಗಿನಂತೆ ಸದನದ ಸ್ಪೀಕರ್ ತೀರ್ಮಾನಿಸಬೇಕೋ, ನಿವೃತ್ತ ನ್ಯಾಯಮೂರ್ತಿ ನೇತೃತ್ವದ ಪ್ರತ್ಯೇಕ ಟ್ರಿಬ್ಯೂನಲ್ (ನ್ಯಾಯಮಂಡಳಿ) ತೀರ್ಮಾನಿಸಬೇಕೋ, ಚರ್ಚಾಸ್ಪರ್ಧೆಗೆ ಯಾವ ಕಡೆ ಹಿಡಿಯಲಿ ಅಂತ ಕೇಳಿದ್ದೀರಿ. ಮೊದಲು ವೇಗ ನೋಡಿ. ಸ್ಪೀಕರ್‌ಗೆ ಮನಸ್ಸಿದ್ದರೆ ಕೆಲಸ ಬೇಗ ಆಗುತ್ತದೆ. 2019ರ ಜುಲೈ 25 ಮತ್ತು 28ರಂದು ನಮ್ಮ ಕರ್ನಾಟಕದ 17 ಶಾಸಕರು ಅನರ್ಹರಾದರು. ಮನಸ್ಸಿಲ್ಲದಿದ್ದರೆ? ಮಣಿಪುರದಲ್ಲಿ 2017ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರೊಬ್ಬರು ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದರು. ಅವರ ಮೇಲಿನ ದೂರು 2020ರವರೆಗೂ ಕೊಳೆಯಿತು. ಮತ ಹಾಕಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ?

ನಿಷ್ಪಕ್ಷತೆಯಲ್ಲಿ ಟ್ರಿಬ್ಯೂನಲ್ ಮುಂದೆ. ನಿವೃತ್ತ ನ್ಯಾಯಮೂರ್ತಿ ಪಕ್ಷದ ಟಿಕೆಟ್‌ನಿಂದ ಆ ಕುರ್ಚಿಗೆ ಬಂದವರಲ್ಲ, ಅಲ್ವಾ? 2020ರಲ್ಲಿ ಸುಪ್ರೀಂ ಕೋರ್ಟೇ ಇಂಥ ಟ್ರಿಬ್ಯೂನಲ್ ಸೂಚಿಸಿತು. ಆದರೆ ಅದಕ್ಕೆ ಸಂವಿಧಾನ ತಿದ್ದಬೇಕು, ಸುಲಭವಲ್ಲ.

ಈಗಿನ ಕಾನೂನಿನೊಳಗೇ ದಾರಿ ಬೇಕೆಂದರೆ ಸ್ಪೀಕರ್, ಜೊತೆಗೆ ಕೋರ್ಟ್ ಹೇಳಿದ ಮೂರು ತಿಂಗಳ ಗಡುವು. ಒಂದೆರಡು ಸೀಟಿನ ಮೇಲೆ ಸರ್ಕಾರ ನಿಂತಿರುವ ಕಡೆ ಟ್ರಿಬ್ಯೂನಲ್ ಪರ ವಾದಿಸಿ.