ಮಕ್ಕಳಿಗಾಗಿ ಕಾರಿನ ಸ್ಟೀರಿಯೊ ಬದಲಿಸಿದೆವು: ಎರಡು ವರ್ಷ ಬಳಸಿದ ಮೇಲೆ

ಬೆಂಗಳೂರಿನಿಂದ ಪುತ್ತೂರಿಗೆ ಮುನ್ನೂರು ಚಿಲ್ಲರೆ ಕಿಲೋಮೀಟರ್. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಅಲ್ಲಲ್ಲಿ ನಿಲ್ಲಿಸುತ್ತ ಹೋದರೆ ಎಂಟು ಗಂಟೆ ಹಿಡಿಯುತ್ತದೆ. ವರ್ಷಕ್ಕೆ ಐದಾರು ಸಲ ಹೋಗುತ್ತೇವೆ. ಎರಡು ವರ್ಷದ ಹಿಂದೆ ದೊಡ್ಡವಳಿಗೆ ಐದು, ಚಿಕ್ಕವನಿಗೆ ಎರಡು. ನೆಲಮಂಗಲ ದಾಟುವ ಮೊದಲೇ "ಅಜ್ಜಿ ಮನೆ ಬಂತಾ?" ಶುರುವಾಗುತ್ತಿತ್ತು. ಹಾಸನ ಬರುವಷ್ಟರಲ್ಲಿ ಇಬ್ಬರದ್ದೂ ಅಳು.

ನಮ್ಮ ಕಾರು ಕಡಿಮೆ ಬೆಲೆಯ ಮಾಡೆಲ್. ಮುಂದಿನ ಬಾಗಿಲುಗಳಲ್ಲಿ ಮಾತ್ರ ಸ್ಪೀಕರ್. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕೆಲಸ ಮಾಡಿಸಿದೆವು. 9 ಇಂಚಿನ ಟಚ್ ಪರದೆಯ ಆಂಡ್ರಾಯ್ಡ್ ಸ್ಟೀರಿಯೊ, ನಮ್ಮ ಕಾರಿಗೆ ಹೊಂದುವ ಫ್ರೇಮ್ ಸೇರಿ 13,500 ರೂಪಾಯಿ. ಹಿಂದಿನ ಬಾಗಿಲಿಗೆ ಎರಡು ಸ್ಪೀಕರ್ 3,200, ರಿವರ್ಸ್ ಕ್ಯಾಮೆರಾ 1,800, ಹೆಡ್‌ರೆಸ್ಟಿಗೆ ಸಿಕ್ಕಿಸುವ ಟ್ಯಾಬ್ ಹೋಲ್ಡರ್ 700, ಕೂಲಿ 1,500. ಒಟ್ಟು 20,700. ಟ್ಯಾಬ್ ಮನೆಯಲ್ಲೇ ಇತ್ತು.

ಮೊದಲು ಟ್ಯಾಬ್ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಾವು ಜಾಸ್ತಿ ಆಸೆ ಇಟ್ಟುಕೊಂಡಿದ್ದು ಅದರ ಮೇಲೆ. ಮೊದಲ ಪ್ರಯಾಣದಲ್ಲಿ ಸಕಲೇಶಪುರದವರೆಗೆ ಕಾರಿನಲ್ಲಿ ಸದ್ದೇ ಇಲ್ಲ. ನಮಗೋ ಖುಷಿ. ಶಿರಾಡಿ ಘಾಟಿ ಇಳಿಯಲು ಶುರುವಾಯಿತು ನೋಡಿ, ಮೂರನೇ ನಾಲ್ಕನೇ ತಿರುವಿಗೇ ದೊಡ್ಡವಳ ಮುಖ ಬಿಳುಚಿತು. "ಅಮ್ಮಾ, ಹೊಟ್ಟೆ..." ಅಂದಳು ಅಷ್ಟೆ. ಸೀಟು, ಫ್ರಾಕು, ಟ್ಯಾಬು ಎಲ್ಲದರ ಮೇಲೂ ವಾಂತಿ. ಕಣ್ಣು ಅಲ್ಲಾಡದ ಪರದೆ ನೋಡುತ್ತಿರುತ್ತದೆ, ಒಳಕಿವಿ ಮಾತ್ರ ಪ್ರತಿ ತಿರುವನ್ನೂ ಹೇಳುತ್ತಿರುತ್ತದೆ. ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಕಿಟಕಿಯಾಚೆ ದೂರದ ಬೆಟ್ಟ ನೋಡುತ್ತ ಕೂತರೆ ಎಷ್ಟೋ ವಾಸಿ. ಇನ್ನೊಂದು ಭಯವೂ ಇತ್ತು. ಗಾಡಿ ಎಲ್ಲಾದರೂ ಡಿಕ್ಕಿಯಾದರೆ ಆ ಟ್ಯಾಬ್ ಹೋಲ್ಡರಿನಿಂದ ಕಿತ್ತು ಬಂದು ಮಗುವಿಗೆ ಬಡಿಯಬಹುದು, ಅಲ್ವಾ? ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಾವು ಎಂಟು ಗಂಟೆಗೆ ತಯಾರಾಗಿ ಹೊರಟಿದ್ದೆವು. ಮೂರನೇ ಪ್ರಯಾಣಕ್ಕೆ ಹೋಲ್ಡರ್ ಬಿಚ್ಚಿಟ್ಟೆ, ಮತ್ತೆ ಹಾಕಿಲ್ಲ.

ಕೊಟ್ಟ ದುಡ್ಡಿಗೆ ನ್ಯಾಯ ಸಿಕ್ಕಿದ್ದು 3,200 ರೂಪಾಯಿಯ ಹಿಂದಿನ ಸ್ಪೀಕರುಗಳಿಂದ. ಸೆಟ್ಟಿಂಗಿನಲ್ಲಿ ಫೇಡರ್ ಅಂತ ಇರುತ್ತದೆ. ಅದನ್ನು ಹಿಂದಕ್ಕೆ ಸರಿಸಿದರೆ ಶಬ್ದ ಹಿಂದಿನ ಸೀಟಿನಲ್ಲಿ ಮಾತ್ರ ಕೇಳುತ್ತದೆ. ಮೊದಲು ಮಕ್ಕಳಿಗೆ ಕೇಳಲಿ ಅಂತ ಮುಂದಿನ ಸ್ಪೀಕರನ್ನೇ ಜೋರು ಮಾಡಿ ನಮಗೆ ತಲೆನೋವು ಬರುತ್ತಿತ್ತು. ಈಗ ಅವರ ಪಾಡಿಗೆ ಅವರು ಕಥೆ ಕೇಳುತ್ತಾರೆ, ಮುಂದೆ ನಾವಿಬ್ಬರೂ ಮೆಲ್ಲಗೆ ಮಾತಾಡಿಕೊಳ್ಳಬಹುದು. ಹೆಡ್‌ಫೋನ್ ಬೇಕಾಗಿಲ್ಲ.

ಏನು ಹಾಕುವುದು ಅನ್ನುವುದಕ್ಕೆ ದಾರಿ ತೋರಿಸಿದ್ದು ನನ್ನ ಅಮ್ಮ. ಘಾಟಿಯಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ. ಆನ್‌ಲೈನ್ ಹಾಡು ನಡುವೆ ನಿಂತರೆ ಚಿಕ್ಕವನು ರಂಪ ಮಾಡುತ್ತಿದ್ದ. ಒಂದು ರಜೆಯಲ್ಲಿ ಅಮ್ಮ ಮಕ್ಕಳಿಗೆ ಕಥೆ ಹೇಳುವಾಗ ಸುಮ್ನೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅದನ್ನು ಪೆನ್‌ಡ್ರೈವಿಗೆ ಹಾಕಿದೆ. ಈಗ ಇಪ್ಪತ್ತಾರು ಕಥೆಗಳಿವೆ. ನಿಮಗೂ ಮಾಡಬೇಕು ಅನಿಸಿದರೆ ಹತ್ತು ಹತ್ತು ನಿಮಿಷದ ತುಂಡು ಮಾಡಿ. ನಮ್ಮ ಸ್ಟೀರಿಯೊ ಪೆನ್‌ಡ್ರೈವನ್ನು ನಿಂತಲ್ಲಿಂದ ಮುಂದುವರಿಸುವುದಿಲ್ಲ. ಟೀ ಕುಡಿಯಲು ಗಾಡಿ ಆಫ್ ಮಾಡಿದರೆ ಫೈಲು ಮತ್ತೆ ಮೊದಲಿಂದ ಶುರು. ಹೆಸರಿನ ಮುಂದೆ 01, 02 ಅಂತ ಹಾಕಿ, ಇಲ್ಲದಿದ್ದರೆ ಕಥೆಯ ಎರಡನೇ ಭಾಗ ಮೊದಲು ಬರುತ್ತದೆ. ಪೆನ್‌ಡ್ರೈವ್ ಫ್ಯಾಟ್32 (ಫೈಲು ಉಳಿಸಿಡುವ ಒಂದು ಫಾರ್ಮ್ಯಾಟ್) ಆಗಿರಲಿ. ಬೇರೆ ಫಾರ್ಮ್ಯಾಟನ್ನು ನಮ್ಮದು ಓದಲೇ ಇಲ್ಲ.

ತೊಂದರೆಗಳೂ ಇದ್ದವು. ಹಾಕಿಸಿದ ತಿಂಗಳಿಗೇ ನಾಲ್ಕು ದಿನ ನಿಲ್ಲಿಸಿದ್ದ ಕಾರು ಸ್ಟಾರ್ಟ್ ಆಗಲಿಲ್ಲ. ಸ್ಟೀರಿಯೊದ ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಜಾಗಕ್ಕೆ ಹೋಗಬೇಕು. ಅಂಗಡಿಯವರು ಅದನ್ನೂ ಹಳದಿ ವೈರಿನ ಜೊತೆ ನೇರ ಬ್ಯಾಟರಿಗೇ ಸೇರಿಸಿದ್ದರು. ಸ್ಟೀರಿಯೊ ಪೂರ್ತಿ ಆಫ್ ಆಗದೆ ಬ್ಯಾಟರಿ ಇಳಿದುಹೋಗಿತ್ತು. ಹೋಗಿ ಕೇಳಿದ್ದಕ್ಕೆ ಸರಿಮಾಡಿಕೊಟ್ಟರು, ಆದರೆ ಅರ್ಧ ದಿನ ಹಾಳು. ವೈರು ಕತ್ತರಿಸದೆ ಕಪ್ಲರ್ (ಕಾರಿನ ವೈರಿಗೆ ಸಿಕ್ಕಿಸುವ ಪ್ಲಗ್) ಬಳಸಿಯೇ ಜೋಡಿಸಿ ಅಂತ ಮೊದಲೇ ಪಟ್ಟು ಹಿಡಿಯಿರಿ. ಕಾರಿನ ವಾರಂಟಿಯ ಚಿಂತೆ ಕಡಿಮೆಯಾಗುತ್ತದೆ.

"ಮೇಡಂ, ಹ್ಯಾಂಡ್‌ಬ್ರೇಕ್ ವೈರು ಬೈಪಾಸ್ ಮಾಡ್ತೀವಿ, ಓಡಿಸುವಾಗಲೂ ವಿಡಿಯೊ ಬರುತ್ತೆ" ಅಂದರು ಅಂಗಡಿಯವರು. ಹ್ಯಾಂಡ್‌ಬ್ರೇಕ್ ಹಾಕಿದ್ದರೆ ಮಾತ್ರ ಪರದೆಯಲ್ಲಿ ವಿಡಿಯೊ ಬರಲಿ ಅಂತ ಇರುವ ವೈರು ಅದು. ಬೇಡ ಅಂದೆ. ಓಡಿಸುವವರ ಕಣ್ಣೆದುರು ವಿಡಿಯೊ ಓಡಬಾರದು. ಇದರಲ್ಲಿ ಎರಡನೇ ಮಾತಿಲ್ಲ.

ಸ್ಟೀರಿಯೊದ ಮೆಮೊರಿ ಕಡಿಮೆ, 2 ಜಿಬಿ ರ‍್ಯಾಮ್. ಈಗ ನಿಧಾನವಾಗಿದೆ. ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ರಿವರ್ಸ್ ಹಾಕಿದರೆ ಕ್ಯಾಮೆರಾ ಚಿತ್ರ ಬರಲು ಹದಿನೈದು ಇಪ್ಪತ್ತು ಸೆಕೆಂಡ್ ಬೇಕು. ಅಂಗಳದಲ್ಲಿ ಮಕ್ಕಳು ಆಡುವ ಮನೆಯಲ್ಲಿ ಅದು ದೊಡ್ಡ ವಿಷಯ. ಚಿತ್ರ ಬರುವವರೆಗೆ ನಾನು ಗಾಡಿ ಕದಲಿಸುವುದಿಲ್ಲ, ಬಂದ ಮೇಲೂ ತಿರುಗಿ ನೋಡಿಯೇ ತೆಗೆಯುತ್ತೇನೆ. ಹೊಸದಾಗಿ ಕೊಳ್ಳುವವರು 4 ಜಿಬಿಯದ್ದೇ ತೆಗೆದುಕೊಳ್ಳಿ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದರೆ ಎಸಿ ಹಾಕಿ ತಂಪಾಗುವವರೆಗೆ ಟಚ್ ಕೂಡ ಸರಿಯಾಗಿ ಕೇಳುವುದಿಲ್ಲ.

ನಾನು ಇವತ್ತು ಮಾಡಿಸುವುದಾದರೆ ಹಳೇ ಸ್ಟೀರಿಯೊ ಇಟ್ಟುಕೊಂಡು ಹಿಂದಿನ ಸ್ಪೀಕರ್ ಮಾತ್ರ ಹಾಕಿಸುತ್ತಿದ್ದೆ. ಅದರಲ್ಲೂ ಯುಎಸ್‌ಬಿ ಇತ್ತು, ಫೇಡರ್ ಇತ್ತು.

ಹೋದ ತಿಂಗಳು ಗುಂಡ್ಯ ಹತ್ತಿರ ನರಿ ಮತ್ತು ಏಡಿಯ ಕಥೆ ಓಡುತ್ತಿತ್ತು. ಅದನ್ನು ರೆಕಾರ್ಡ್ ಮಾಡಿದ ದಿನ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟಿತ್ತು. ನರಿ ಬಾಲವನ್ನು ಬಿಲಕ್ಕೆ ಇಳಿಸುವ ಹೊತ್ತಿಗೆ ಚಿಕ್ಕವನು ಬೆರಳು ಎತ್ತಿ "ಈಗ ಕೂಗುತ್ತೆ!" ಅಂದ. ಕುಕ್ಕರ್ ಕೂಗಿತು. "ಒಂದು ನಿಮಿಷ ಮಕ್ಕಳೇ, ಒಲೆ ಆರಿಸಿ ಬರ್ತೇನೆ" ಅಂತ ಅಜ್ಜಿ ಎದ್ದು ಹೋದರು. ಅವರು ಬರುವವರೆಗೆ ಇಬ್ಬರೂ ಸುಮ್ಮನೆ ಕಾಯುತ್ತ ಕೂತಿದ್ದರು.