ಅಘನಾಶಿನಿಯ ಮೀನಿಗೆ ಪಿಟ್ ಟ್ಯಾಗ್: ಹಲವು ಮಳೆಗಾಲ ಬಳಸಿದ ಮೇಲೆ

ಪಿಟ್ ಟ್ಯಾಗ್ ಎಂದರೆ ಒಂದೊಂದು ಮೀನನ್ನೂ ಬೇರೆಯಾಗಿ ಗುರುತಿಸಲು ಅದರ ಮೈಯೊಳಗೆ ಹಾಕುವ, ಸಂಖ್ಯೆಯುಳ್ಳ ಪುಟ್ಟ ಚಿಪ್. ಈ ಟ್ಯಾಗ್ ಬಗ್ಗೆ ನನ್ನದು ಒಂದು ದೂರೂ ಇಲ್ಲ. ಕೊಳ್ಳುವ ಮುಂಚೆ ಯೋಚಿಸಬೇಕಾದ್ದು ಅದನ್ನು ಓದುವ ಆಂಟೆನಾ ಬಗ್ಗೆ.

ಕುಮಟಾ ಕಡೆಯ ಗಜನಿಗಳಿಗೆ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳಿಗೆ) ಬರುವ ಕುರುಡಿ ಮೀನಿಗೆ ನಾವು ಹಾಕುವುದು 12 ಮಿ.ಮೀ. ಟ್ಯಾಗ್. ಅಕ್ಕಿಕಾಳಿಗಿಂತ ತುಸು ದೊಡ್ಡ ಗಾಜಿನ ಕೊಳವೆ, ತೂಕ ಸುಮಾರು 0.1 ಗ್ರಾಂ. ಒಳಗೆ ಬ್ಯಾಟರಿಯೇ ಇಲ್ಲ. ರೀಡರ್ ಹೊರಡಿಸುವ 134.2 ಕಿಲೋಹರ್ಟ್ಸ್ ಅಲೆಯಿಂದಲೇ ಶಕ್ತಿ ಪಡೆದು ತನ್ನ 15 ಅಂಕಿಯ ಸಂಖ್ಯೆಯನ್ನು ತಿಳಿಸುತ್ತದೆ. ಹಾಗಾಗಿ ಚಾರ್ಜ್ ಮುಗಿಯಿತು ಎಂಬ ಚಿಂತೆ ಇಲ್ಲ. ಹಳೆಯ ಟ್ಯಾಗಿನ ಮೀನು ಮತ್ತೆ ಬಲೆಗೆ ಬಿದ್ದು ರೀಡರ್ ಬೀಪ್ ಎಂದಾಗ ಆಗುವ ಖುಷಿ ಇವತ್ತಿಗೂ ಕಡಿಮೆಯಾಗಿಲ್ಲ.

ಲವಂಗದೆಣ್ಣೆ ಬೆರೆಸಿದ ನೀರಿನಲ್ಲಿ ಮೀನನ್ನು ಮಂಪರಾಗಿಸಿ, ಸೂಜಿಯಿಂದ ಹೊಟ್ಟೆಯ ಪೊಳ್ಳಿಗೆ ಹಾಕುತ್ತೇವೆ. ಮೀನು ಚೇತರಿಸಿಕೊಂಡು ಈಜತೊಡಗಿದ ಮೇಲೆಯೇ ಹೊಳೆಗೆ ಬಿಡುವುದು. ಟ್ಯಾಗಿನ ತೂಕ ಮೀನಿನ ತೂಕದ ಶೇ. 2 ಮೀರಬಾರದು ಎಂಬ ರೂಢಿಯ ನಿಯಮವನ್ನು ನಾವು ಬಿಗಿಯಾಗಿಯೇ ಪಾಲಿಸುತ್ತೇವೆ. ಮಾಂಸಖಂಡಕ್ಕೆ ಚುಚ್ಚುವವರೂ ಇದ್ದಾರೆ. ತಿನ್ನುವ ಮೀನಿಗೆ ಅದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದರೆ ಮೀನು ಹಸನು ಮಾಡುವಾಗ ಕರುಳಿನ ಜೊತೆ ಹೋಗುತ್ತದೆ, ಯಾರ ತಟ್ಟೆಗೂ ಗಾಜು ಬರುವುದಿಲ್ಲ. ಮೀನು ಮಾರುವ ಅಕ್ಕಂದಿರಿಗೆ ಇದನ್ನು ಮೊದಲೇ ತಿಳಿಸಿ. ಸಿಕ್ಕ ಟ್ಯಾಗನ್ನು ಎತ್ತಿಟ್ಟು ಕೊಡುವವರು ಅವರೇ.

ಈಗ ಆಂಟೆನಾ. ಕೈ ರೀಡರ್ ಓದುವುದು ಒಂದು ಗೇಣಿನ ಆಸುಪಾಸಿನಿಂದ ಅಷ್ಟೇ. ಹೊಳೆಯ ನಡುವೆ ಹೋಗುವ ಮೀನು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಜಂತ್ರಡಿಯ, ಅಂದರೆ ಗಜನಿಗೆ ನೀರು ಬಿಡುವ ತೂಬಿನ, ಬಾಯಿಗೆ ಚೌಕಟ್ಟಿನಂಥ ಆಂಟೆನಾ ಕಟ್ಟಿದೆವು. ಗಜನಿಗೆ ಹೋಗಿ ಬರುವ ಮೀನಿಗೆ ದಾರಿ ಅದೊಂದೇ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಚೆನ್ನಾಗಿ ಓದಿತು. ಬೇಸಿಗೆಯಲ್ಲಿ, ಅದರಲ್ಲೂ ಉಬ್ಬರದ ಹೊತ್ತಿಗೆ, ಓದುವ ದೂರ ಕುಗ್ಗಿಬಿಡುತ್ತದೆ. ಉಪ್ಪು ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದರಿಂದ ಆಂಟೆನಾದ ಬಲವನ್ನು ನೀರೇ ನುಂಗುತ್ತದೆ. ಹತ್ತಿರ ಕಬ್ಬಿಣವಿದ್ದರೂ ಇದೇ ಪಾಡು. ಮರದ ಹಲಗೆಯ ಜಂತ್ರಡಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಒಂದೇ ಆಂಟೆನಾ ಇದ್ದರೆ ಮೀನು ಒಳಗೆ ಬಂತೋ ಹೊರಗೆ ಹೋಯಿತೋ ಗೊತ್ತಾಗದು. ಎರಡು ಬೇಕು, ಒಂದರ ಹಿಂದೊಂದು, ನಡುವೆ ಅಂತರ ಬಿಟ್ಟು. ಎರಡು ಮೀನು ಒಟ್ಟಿಗೇ ನುಗ್ಗಿದರೆ ಸಂಕೇತಗಳು ಒಂದಕ್ಕೊಂದು ಡಿಕ್ಕಿಯಾಗಿ ಎರಡೂ ದಾಖಲಾಗದೆ ಹೋಗಬಹುದು. ‘ಬರಲಿಲ್ಲ’ ಎಂದು ಬರೆಯುವ ಮುಂಚೆ ಇದು ನೆನಪಿರಲಿ.

ಅಳಿವೆಯಿಂದ ಸಮುದ್ರದತ್ತ ಹೋಗುವ ಮೀನನ್ನೇ ಹಿಂಬಾಲಿಸಬೇಕೆಂದರೆ ಶಬ್ದದಲೆಯ ಟ್ಯಾಗ್ ಬೇಕು. ಅದು ಉಪ್ಪು ನೀರಿನಲ್ಲೂ ದೂರಕ್ಕೆ ಕೇಳಿಸುತ್ತದೆ, ಆದರೆ ಬೆಲೆ ಬಹಳ ಹೆಚ್ಚು, ಬ್ಯಾಟರಿ ಮುಗಿದ ದಿನ ಅದೂ ಮೌನ. ಶಿರಸಿ ಕಡೆಯ ಹಳ್ಳಗಳಲ್ಲಿ ಕೆಲಸ ಮಾಡುವವರಿಗೆ ಪಿಟ್ ಟ್ಯಾಗ್ ಸಾಕು, ಕಣ್ಣುಮುಚ್ಚಿ ಕೊಳ್ಳಿ. ಕರಾವಳಿಯವರು ಮಾತ್ರ ಹಣ ಕೊಡುವ ಮೊದಲು ಮಾರುವವರನ್ನು ನಿಮ್ಮ ಜಾಗಕ್ಕೇ ಕರೆಸಿ, ಏಪ್ರಿಲ್-ಮೇ ತಿಂಗಳ ಉಬ್ಬರದಲ್ಲಿ ಓದಿಸಿ ತೋರಿಸಿ ಎಂದು ಕೇಳಿ.