ಸ್ಯಾಂಪಲ್ ಇಡೋಕೆ ತಗೊಂಡ ಮಿನಿ ಫ್ರಿಡ್ಜು: ಎಂಟು ತಿಂಗಳು ಬಳಸಿದ ಮೇಲೆ

ಈ 45 ಲೀಟರಿನ ಫ್ರಿಡ್ಜನ್ನ ನಾನು ತಣ್ಣೀರು ಕುಡಿಯೋಕೆ ತಗೊಂಡಿದ್ದಲ್ಲ. ಶಿವಮೊಗ್ಗದಲ್ಲಿ ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಅಡುಗೆ ಕಾಂಟ್ರಾಕ್ಟ್ ಮಾಡ್ತೀನಿ. ಹೋದ ವರ್ಷ ಒಂದು ನಾಮಕರಣಕ್ಕೆ 250 ಎಲೆ ಹಾಕಿದ್ವಿ. ಮಾರನೇ ದಿನ ಬೆಳಿಗ್ಗೆ ಫೋನು: ಒಂದೇ ಮನೆಯ ಆರು ಜನಕ್ಕೆ ವಾಂತಿ ಭೇದಿ, "ನಿಮ್ಮ ಪಾಯಸದ್ದೇ ಕೆಲಸ ಭಟ್ರೇ" ಅಂತ. ಅಷ್ಟೊತ್ತಿಗೆ ಪಾತ್ರೆಯೆಲ್ಲ ತೊಳೆದು ಗೋಡೌನು ಸೇರಿತ್ತು, ಉಳಿದದ್ದು ದನಗಳ ಬಾನಿ ಸೇರಿತ್ತು. ಪಾಯಸವೋ, ಕೋಸಂಬರಿಯೋ, ದಾರಿಯಲ್ಲಿ ಅವರು ತಿಂದ ಇನ್ನೇನೋ? ತೋರಿಸೋಕೆ ನನ್ನ ಹತ್ರ ಒಂದು ಚಮಚವೂ ಇರಲಿಲ್ಲ. ಬರಬೇಕಿದ್ದ 18 ಸಾವಿರ ಬಿಟ್ಟು ಸುಮ್ಮನಾದೆ. ಅದಕ್ಕೇ ಈಗ ಪ್ರತಿ ಕಾರ್ಯಕ್ರಮದಲ್ಲೂ ಒಂದೊಂದು ಪದಾರ್ಥವನ್ನ ಸ್ವಲ್ಪ ಡಬ್ಬಿಗೆ ತೆಗೆದು ಈ ಫ್ರಿಡ್ಜಲ್ಲಿ ಇಡ್ತೀನಿ, ದೂರು ಬಂದರೆ ಪರೀಕ್ಷೆಗೆ ಕೊಡೋಕೆ.

2018ರಲ್ಲಿ ಚಾಮರಾಜನಗರದ ಕಡೆ ಸುಳ್ವಾಡಿ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು ಜನ ಸತ್ತ ದುರಂತ ಆದಮೇಲೆ ಗುಡಿ ಕೆಲಸಕ್ಕೆ ಹೋದಾಗೆಲ್ಲ "ಮೊದಲು ನೀವು ಉಣ್ಣಿ" ಅಂತಾರೆ. ಉಣ್ತೀನಿ, ಅದಕ್ಕೇನು. ಆದರೆ ಹನ್ನೊಂದಕ್ಕೆ ನಾನು ಉಂಡ ಮೊಸರನ್ನ ಮೂರು ಗಂಟೆಗೆ ಬಡಿಸೋ ಹೊತ್ತಿಗೆ ಹಾಗೇ ಇರುತ್ತಾ?

ಫ್ರಿಡ್ಜಿನ ಕಂಪನಿ ಹೆಸರು ಬೇಡ, ಬಯ್ಯೋದೂ ಇದೆ. ಒಳ್ಳೇದು ಅಂದ್ರೆ ಗೋಡೌನಿನ ಮೂಲೆಯಲ್ಲಿ ಕೂರುತ್ತೆ, ಕರೆಂಟು ಜಾಸ್ತಿ ತಿನ್ನಲ್ಲ, ಡಬ್ಬಿ ಒತ್ತಾಗಿ ಜೋಡಿಸಿದರೆ ಎರಡು ಕಾರ್ಯಕ್ರಮದ್ದು ಹಿಡಿಯುತ್ತೆ. ಕೆಟ್ಟದ್ದು ಗೊತ್ತಾಗಿದ್ದು ಏಪ್ರಿಲ್‌ನಲ್ಲಿ. ಒಳಗೆ ಇಡೋ ಥರ್ಮಾಮೀಟರ್ ಬೇರೆ ತಂದಿದ್ದೆ. ನಾಬ್ ಪೂರ್ತಿ ತಿರುಗಿಸಿದರೂ ಕೆಳಗಿನ ತಟ್ಟೆಯಲ್ಲಿ 9 ಡಿಗ್ರಿ. ಬೇಕಾದ್ದು 5ರೊಳಗೆ. ಬಾಗಿಲಿನ ರಬ್ಬರು ಐದನೇ ತಿಂಗಳಿಗೇ ಸಡಿಲ. ಸರ್ವಿಸಿನವನು ಬರೋಕೆ 11 ದಿನ. ಅಷ್ಟೂ ದಿನ ಡಬ್ಬಿಗಳೆಲ್ಲ ಮನೆಯ ಫ್ರಿಡ್ಜಲ್ಲಿ. "ಕಂಡವರ ಮದುವೆ ಹುಳಿಗೆ ನಮ್ಮ ಮನೆ ಜಾಗವಾ?" ಅಂತ ಮನೆಯವಳು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಮೇಲಿನ ಐಸ್ ಗೂಡನ್ನ ಫ್ರೀಜರ್ ಅಂತ ನಂಬಬೇಡಿ. ಜಪಾನಿನ ದೊಡ್ಡ ಅಡುಗೆಮನೆಗಳಲ್ಲಿ ಪ್ರತಿ ಪದಾರ್ಥ 50 ಗ್ರಾಂ, ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡ್ತಾರಂತೆ. ನಮ್ಮ ಈ ಗೂಡಲ್ಲಿ ಐಸ್‌ಕ್ರೀಮೂ ಗಟ್ಟಿ ಆಗಲ್ಲ.

ಡಬ್ಬಿ ವಿಷಯದಲ್ಲಿ ನಾನೇ ಪೆದ್ದನಾದೆ. ಮೊದಲು ಪಾರ್ಸೆಲ್ ಕೊಡೋ ಪ್ಲಾಸ್ಟಿಕ್ ಡಬ್ಬಿ ಬಳಸಿದೆ. ಸಾರು ಸೋರಿತು, ಚೀಟಿ ಒದ್ದೆಯಾಗಿ ಶಾಯಿ ಹರಡಿತು, ಯಾವುದು ಗೊಜ್ಜು ಯಾವುದು ಹುಳಿ ಅಂತ ತಿಳೀಲಿಲ್ಲ. ಈಗ ತಿರುಪು ಮುಚ್ಚಳದ ಸ್ಟೀಲ್ ಡಬ್ಬಿ. ಹಿಂದಿನ ರಾತ್ರಿ ಹಂಡೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸ್ತೀವಿ. ಮೇಲೆ ಪೇಪರ್ ಟೇಪು, ಅದರ ಮೇಲೆ ಪೆನ್ಸಿಲಲ್ಲಿ ಪದಾರ್ಥ, ಛತ್ರ, ತಾರೀಕು, ಗಂಟೆ. ಪೆನ್ಸಿಲ್ ಅಳಿಸಿ ಹೋಗಿಲ್ಲ ಇದುವರೆಗೆ.

ತುಂಬೋದು ಎರಡನೇ ಪಂಕ್ತಿಯಲ್ಲಿ, ಬಡಿಸೋ ಬಕೆಟ್ಟಿಂದಲೇ. ಒಮ್ಮೆ ನಮ್ಮ ಹುಡುಗ ಬೇಗ ಮುಗಿಸೋಣ ಅಂತ ಪಲ್ಯಕ್ಕೆ ಕಾಯಿ ಹಾಕೋ ಮುಂಚೆಯೇ ಕಡಾಯಿಯಿಂದ ತುಂಬಿಟ್ಟಿದ್ದ. ಕೆಡೋದೇ ಆ ಕಾಯಿ! ಅದಿಲ್ಲದ ಪಲ್ಯ ಇಟ್ಟು ಯಾರಿಗೆ ತೋರಿಸೋದು? ಒಂದೊಂದಕ್ಕೂ ಬೇರೆ ಸೌಟು, ಸುಮಾರು 150 ಗ್ರಾಂ. ಬಿಸಿ ಡಬ್ಬಿಯನ್ನ ಐಸ್ ನೀರಲ್ಲಿ ಕೂರಿಸಿ ಆರಿಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಜೊತೆ ಗೋಡೌನಿಗೆ. ಆರಿಸದೆ ಬಿಸಿಯಾಗೇ ಇಟ್ಟರೆ ಪಕ್ಕದ ಡಬ್ಬಿಯೂ ಬೆಚ್ಚಗಾಗುತ್ತೆ. ಅಲ್ಲಿಂದ 72 ಗಂಟೆ ಮುಟ್ಟಲ್ಲ. ಕೆಲವು ವಿಷ ಗಂಟೆಯೊಳಗೇ ವಾಂತಿ ಮಾಡಿಸುತ್ತೆ, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದಂಥದ್ದು ಕಾಯಿಲೆ ತೋರಿಸೋಕೆ ಮೂರು ದಿನ ಹಿಡಿದರೂ ಹಿಡೀತು.

ಜೂನ್‌ನಲ್ಲಿ ಒಂದು ಫೋನು ಬಂತು, ಮದುವೆಯ ಮೂರನೇ ದಿನ. ಹುಡುಗಿಯ ಚಿಕ್ಕಪ್ಪ, ಹೋದ ವರ್ಷದ ಫೋನಿನ ಹಾಗೇ ದೂರಿನ ದನಿ. "14 ಡಬ್ಬಿ ಇವೆ ಸ್ವಾಮಿ, ಮುಚ್ಚಳ ತೆಗೆದಿಲ್ಲ. ಲ್ಯಾಬಿಗೆ ಕಳಿಸ್ತೀರಾ, ಆಹಾರ ಸುರಕ್ಷತಾ ಅಧಿಕಾರಿಗೆ ಹೇಳಲಾ?" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಇರಲಿ, ಡಾಕ್ಟರ ಹತ್ರ ಕೇಳಿ ಹೇಳ್ತೀನಿ" ಅಂದರು. ಮತ್ತೆ ಫೋನ್ ಮಾಡಲಿಲ್ಲ. ನಮ್ಮ ಅಡುಗೆಯದ್ದೇ ತಪ್ಪಿತ್ತಾ ಅಂತ ನನಗೂ ಗೊತ್ತಾಗಲಿಲ್ಲ ಅನ್ನಿ.

ಐದಕ್ಕೆ ಮೂರು ಕೊಡ್ತೀನಿ, ಅದೂ ಡಬ್ಬಿ ಸೇರಿಸಿ. ನೀವು ತಗೊಳ್ಳೋದಾದ್ರೆ ಸ್ವಲ್ಪ ಜಾಸ್ತಿ ದುಡ್ಡು ಹಾಕಿ ನಿಜವಾದ ಫ್ರೀಜರ್ ಇರೋದನ್ನೇ ತಗೊಳ್ಳಿ. ಜೂನಿನ ಆ ಡಬ್ಬಿಗಳನ್ನ ವಾರ ಕಳೆದು ತೆಗೆದಾಗ ಮಜ್ಜಿಗೆಹುಳಿ ಡಬ್ಬಿಯ ಮುಚ್ಚಳ ಉಬ್ಬಿ ಕೂತಿತ್ತು. ತೆಗೆಯೋಕೆ ಇಕ್ಕಳ ಬೇಕಾಯ್ತು.